ಟಿಕ್ಯೂಎಲ್-೨ ಎಂಬ ಗಣಿತವಿಧಿಯ ಭಾಷಾಂತರ ಪರಂಪರೆ

ಓಲೆಯ ಪ್ರತಿಗಳನ್ನು ಪರಿಶೋಧಿಸುವ ವಿದ್ವಾಂಸರಿಗೆ, ಲಿಪಿಕಾರನು ತಾನು ಯಾವ ಪ್ರತಿಯನ್ನು ನೋಡಿ ಬರೆದೆನೆಂಬುದನ್ನು ಒಂದೆರಡು ಮಾತುಗಳಲ್ಲಿ ಹೇಳಿಟ್ಟಿದ್ದರೆ ಎಷ್ಟು ಉಪಕಾರವಾಗುವುದೆಂಬುದು ವಿದಿತವೇ ಆಗಿದೆ. ಇಂತಹ ಉಪಕಾರವನ್ನು ಮಾಡಿರುವ ಬರಹಗಳು ಗಣಕಯಂತ್ರದ ಕ್ರಮವಿಧಿಗಳಲ್ಲಿಯೂ ಉಂಟು. ಫೋರ್ಟ್ರಾನ್ ಎಂಬ ಗಣಕಭಾಷೆಯಲ್ಲಿರುವ ಟಿಕ್ಯೂಎಲ್-೨ ಎಂಬ ವಿಧಿಯ ತಲೆಯಲ್ಲಿ, ಇದು ಅದೇ ಹೆಸರಿನ ಆಲ್ಗಾಲ್ ವಿಧಿಯ ಭಾಷಾಂತರವೆಂದೂ, ಮೂಲವನ್ನು ರಚಿಸಿದವರು ಬೌಡ್ಲರ್, ಮಾರ್ಟಿನ್, ರೈನ್ಷ್, ವಿಲ್ಕಿನ್ಸನ್ ಎಂಬ ನಾಲ್ವರೆಂದೂ, ಅದು ೧೯೬೮ರಲ್ಲಿ ಒಂದು ಗಣಿತಪತ್ರಿಕೆಯಲ್ಲಿಯೂ ೧೯೭೧ರಲ್ಲಿ ಗ್ರಂಥರೂಪದಲ್ಲಿಯೂ ಪ್ರಕಟವಾಯಿತೆಂದೂ ಪುಟಸಂಖ್ಯೆ ಸಹಿತವಾಗಿ ಬರೆದಿದೆ. ಮುಂದೆ ೧೯೯೮ರಲ್ಲಿ ಜಾವಾ ಭಾಷೆಯಲ್ಲಿ ಸಿದ್ಧವಾದ ಜಾಮಾ ಎಂಬ ಸಂಗ್ರಹದಲ್ಲಿ ಇದೇ ವಿಧಿಯು ಮತ್ತೊಮ್ಮೆ ಕಾಣಿಸಿಕೊಳ್ಳುವುದು. ಅಲ್ಲಿಯ ಲಿಪಿಕಾರನು ಆಲ್ಗಾಲ್ ಮೂಲವನ್ನೂ ಫೋರ್ಟ್ರಾನ್ ಭಾಷಾಂತರವನ್ನೂ ಎರಡನ್ನೂ ಹೆಸರಿಸಿರುತ್ತಾನೆ. ಹೀಗೆ ಮೂರು ತಲೆಮಾರುಗಳ ಪಾಠವು ಒಂದಕ್ಕೊಂದು ಹೋಲಿಸಿ ನೋಡುವಂತೆ ಉಳಿದು ಬಂದಿರುವುದರಿಂದ, ವಿಜ್ಞಾನದ ಕ್ರಮವಿಧಿಯು ಒಂದು ಭಾಷೆಯಿಂದ ಮತ್ತೊಂದಕ್ಕೆ ಹೋಗುವಾಗ ಏನು ಉಳಿಯುತ್ತದೆ, ಏನು ಕೆಡುತ್ತದೆ, ಏನು ತಿದ್ದಲ್ಪಡುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಅನುಕೂಲವಾದ ಉದಾಹರಣೆ ದೊರೆಯುವುದು ಕಷ್ಟ.

ವಿಧಿಯ ಪ್ರಯೋಜನವನ್ನು ಮೊದಲು ಹೇಳಬೇಕು. ಸಂಖ್ಯೆಗಳನ್ನು ಸಾಲುಸಾಲಾಗಿಯೂ ಕಂಬಕಂಬವಾಗಿಯೂ ಇಟ್ಟ ಚೌಕಕ್ಕೆ ಗಣಿತದಲ್ಲಿ ಮಾತೃಕೆಯೆಂದು ಹೆಸರು. (ಗ್ರಂಥಸಂಪಾದಕರ ಮಾತೃಕೆ ಬೇರೆ, ಇದು ಬೇರೆ.) ಒಂದು ಸೇತುವೆಯು ಯಾವ ಯಾವ ಆವರ್ತಗಳಲ್ಲಿ ಕಂಪಿಸೀತು, ಒಂದು ಅಣುವಿನ ಶಕ್ತಿಯ ಮಟ್ಟಗಳು ಯಾವುವು ಎಂಬಂತಹ ಪ್ರಶ್ನೆಗಳೆಲ್ಲ ಕಟ್ಟಕಡೆಗೆ ಒಂದು ಮಾತೃಕೆಯ ಐಗನ್ ಮೌಲ್ಯಗಳನ್ನು ಕಂಡುಹಿಡಿಯುವುದರಲ್ಲಿ ಬಂದು ನಿಲ್ಲುತ್ತವೆ. ಟಿಕ್ಯೂಎಲ್-೨ ಈ ಕೆಲಸದ ಕೊನೆಯ ಘಟ್ಟವನ್ನು ನಡೆಸುವ ವಿಧಿ. ನಡುಗೆರೆಯ ಮೇಲೆ ಒಂದು ಪಂಕ್ತಿ, ಅದರ ಪಕ್ಕದಲ್ಲಿ ಒಂದು ಪಂಕ್ತಿ, ಇಷ್ಟೇ ಉಳಿದಿರುವ ಸಮಮಿತೀಯ ಮಾತೃಕೆಯನ್ನು ತೆಗೆದುಕೊಂಡು, ಪಕ್ಕದ ಪಂಕ್ತಿಯ ಸಂಖ್ಯೆಗಳನ್ನು ಮೆಲ್ಲಮೆಲ್ಲಗೆ ಕುಗ್ಗಿಸುತ್ತ ಸೊನ್ನೆಗೆ ತರುವುದು ಅದರ ಕ್ರಮ. ಪಕ್ಕದ ಸಂಖ್ಯೆಗಳು ಅಳಿದ ಮೇಲೆ ನಡುಗೆರೆಯಲ್ಲಿ ನಿಂತವುಗಳೇ ಉತ್ತರ. ತಪ್ಪಾದ ಭಾಷಾಂತರವು ಸಾಮಾನ್ಯವಾಗಿ ಯಂತ್ರವನ್ನು ನಿಲ್ಲಿಸುವುದಿಲ್ಲ. ಅದೂ ಒಂದು ಸಂಖ್ಯೆಯನ್ನೇ ಕೊಡುತ್ತದೆ. ಆ ಸಂಖ್ಯೆಯು ನೋಡುವುದಕ್ಕೆ ಸರಿಯಾದುದರಂತೆಯೇ ಇರುತ್ತದೆ. ಕಾವ್ಯದ ಭಾಷಾಂತರದಲ್ಲಿ ಅಪಾರ್ಥವಾದರೆ ಓದುಗನ ಕಿವಿಗೆ ಒಡನೆಯೇ ತಟ್ಟೀತು. ಇಲ್ಲಿ ಕಿವಿಯೇ ಇಲ್ಲ.

ಮೂಲಕರ್ತೃಗಳಲ್ಲಿ ಪ್ರಧಾನನಾದ ಜೇಮ್ಸ್ ಹಾರ್ಡಿ ವಿಲ್ಕಿನ್ಸನ್ ಇಂಗ್ಲೆಂಡಿನ ಟೆಡಿಂಗ್‌ಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಶಾಲೆಯಲ್ಲಿದ್ದವನು. ಅಲ್ಲಿ ಟ್ಯೂರಿಂಗನ ಜೊತೆಯಲ್ಲಿ ಕೆಲಸ ಮಾಡಿದ್ದವನು. ಅವನೂ ಕ್ರಿಸ್ಟಿಯಾನ್ ರೈನ್ಷನೂ ಸೇರಿ ೧೯೭೧ರಲ್ಲಿ ಹೊರತಂದ ರೇಖೀಯ ಬೀಜಗಣಿತದ ಕೈಪಿಡಿಯಲ್ಲಿ ವಿಧಿಗಳೆಲ್ಲವೂ ಆಲ್ಗಾಲ್ ೬೦ ಎಂಬ ಭಾಷೆಯಲ್ಲಿವೆ. ಈ ಭಾಷೆಯ ಲಕ್ಷಣಗ್ರಂಥವು ಪೀಟರ್ ನೌರನ ಸಂಪಾದಕತ್ವದಲ್ಲಿ ೧೯೬೦ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದೇ ಭಾಷೆಗೆ ಮೂರು ರೂಪಗಳನ್ನು ಹೇಳಿದೆ: ಲಕ್ಷಣಕ್ಕೆ ಒಂದು, ಮುದ್ರಣಕ್ಕೆ ಒಂದು, ಯಂತ್ರಕ್ಕೆ ಒಂದು. ಇಷ್ಟರಿಂದಲೇ ಅದು ಮನುಷ್ಯರು ಮನುಷ್ಯರಿಗೆ ಓದಿ ಹೇಳಬಹುದಾದ ಭಾಷೆಯಾಗಿ ಉದ್ದೇಶಿಸಲ್ಪಟ್ಟಿತ್ತೆಂಬುದು ವ್ಯಕ್ತವಾಗುತ್ತದೆ. ಯಂತ್ರಕ್ಕೆ ಸಂಖ್ಯೆಗಳನ್ನು ಊಡುವ ಮತ್ತು ಅದರಿಂದ ಪಡೆಯುವ ಬಗೆಯನ್ನು ಆ ಲಕ್ಷಣಗ್ರಂಥವು ಹೇಳಲೇ ಇಲ್ಲ. ಇದಕ್ಕೆ ಪ್ರತಿಯಾಗಿ ಫೋರ್ಟ್ರಾನ್ ೧೯೫೭ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಅವನ ಸಂಗಡಿಗರಿಂದ ಐಬಿಎಂ ೭೦೪ ಎಂಬ ಯಂತ್ರಕ್ಕಾಗಿ ಹುಟ್ಟಿದುದು. ಲಾವಣ್ಯ ಕಡಮೆ, ವೇಗ ಹೆಚ್ಚು. ಅಮೆರಿಕದ ಪ್ರಯೋಗಶಾಲೆಗಳಲ್ಲೆಲ್ಲ ಫೋರ್ಟ್ರಾನೇ ಬಳಕೆಯಲ್ಲಿದ್ದುದರಿಂದ, ಆರ್ಗಾನ್ ರಾಷ್ಟ್ರೀಯ ಪ್ರಯೋಗಶಾಲೆಯನ್ನು ಕೇಂದ್ರವಾಗಿಟ್ಟುಕೊಂಡು ಕೈಪಿಡಿಯ ಐಗನ್ ಮೌಲ್ಯದ ವಿಧಿಗಳನ್ನು ಆ ಭಾಷೆಗೆ ತಿರುಗಿಸುವ ಪ್ರಯತ್ನವು ನಡೆಯಿತು. ೧೯೭೨ರಲ್ಲಿ ಹೊರಬಿದ್ದ ಈ ಸಂಗ್ರಹಕ್ಕೆ ಐಸ್‌ಪ್ಯಾಕ್ ಎಂದು ಹೆಸರು.

ಈ ಭಾಷಾಂತರದಲ್ಲಿ ಮೊದಲು ಎದುರಾಗುವ ಅಪಾಯವು, ಎರಡು ಭಾಷೆಗಳಲ್ಲಿಯೂ ಒಂದೇ ರೂಪದಲ್ಲಿದ್ದು ಅರ್ಥ ಬೇರೆಯಾಗಿರುವ ಸಂಕೇತಗಳಿಂದ ಬರುವುದು. ಹಳಗನ್ನಡದ ಎಷ್ಟೋ ಪದಗಳು ಹೊಸಗನ್ನಡದಲ್ಲಿ ಅದೇ ರೂಪದಿಂದ ನಿಂತು ಬೇರೆ ಅರ್ಥವನ್ನು ತಾಳಿರುವುದನ್ನು ಬಲ್ಲ ವಾಚಕರಿಗೆ ಇದು ಹೊಸದಲ್ಲ. ಆಲ್ಗಾಲ್ ಭಾಷೆಯಲ್ಲಿ ಭಾಗಾಕಾರಕ್ಕೆ ಎರಡು ಚಿಹ್ನೆಗಳುಂಟು. ಓರೆಗೆರೆಯಿಂದ ೭ನ್ನು ೨ರಿಂದ ಭಾಗಿಸಿದರೆ ಮೂರೂವರೆ; ಮೇಲೊಂದು ಕೆಳಗೊಂದು ಚುಕ್ಕೆಯಿರುವ ಗೆರೆಯಿಂದ ಭಾಗಿಸಿದರೆ ೩. ಫೋರ್ಟ್ರಾನಿನಲ್ಲಿ ಓರೆಗೆರೆ ಒಂದೇ. ಅದರ ಎರಡು ಪಕ್ಕದಲ್ಲಿಯೂ ಪೂರ್ಣಾಂಕಗಳಿದ್ದರೆ ಉತ್ತರವೂ ಪೂರ್ಣಾಂಕವೇ, ಉಳಿದುದು ಲೋಪವಾಗುವುದು. ಪೈಥಾನ್ ಎಂಬ ಭಾಷೆಯಂತೂ ತನ್ನ ಆಯುಸ್ಸಿನಲ್ಲಿಯೇ ಮನಸ್ಸನ್ನು ಬದಲಾಯಿಸಿ, ೨೦೦೮ರ ಮೂರನೆಯ ಆವೃತ್ತಿಯಿಂದ ಆಲ್ಗಾಲಿನ ಪಕ್ಷವನ್ನು ಸೇರಿತು. ಋಣಸಂಖ್ಯೆಗಳಲ್ಲಿ ಮತ್ತೊಂದು ತೊಡಕು: −೭ನ್ನು ೨ರಿಂದ ಭಾಗಿಸಿದರೆ ಫೋರ್ಟ್ರಾನಿನಲ್ಲಿ ಭಾಗಲಬ್ಧ −೩, ಶೇಷ −೧, ಪೈಥಾನಿನ ಪೂರ್ಣಾಂಕ ಭಾಗಾಕಾರದಲ್ಲಿ ಭಾಗಲಬ್ಧ −೪, ಶೇಷ ೧. ಎರಡೂ ಗಣಿತಕ್ಕೆ ವಿರುದ್ಧವಲ್ಲ. ಎರಡೂ ಒಂದೇ ಅಲ್ಲ.

ಇದರಿಂದಾಗುವ ಅನರ್ಥಕ್ಕೆ ಐಸ್‌ಪ್ಯಾಕಿನಲ್ಲಿಯೇ ಇರುವ ಎಪ್ಸ್‌ಲಾನ್ ಎಂಬ ಪುಟ್ಟ ವಿಧಿಯು ಒಳ್ಳೆಯ ನಿದರ್ಶನ. ಯಂತ್ರದ ಲೆಕ್ಕವು ಎಷ್ಟು ಸೂಕ್ಷ್ಮವಾದುದೆಂಬುದನ್ನು ಯಂತ್ರದಿಂದಲೇ ಹೇಳಿಸುವುದು ಈ ವಿಧಿಯ ಕೆಲಸ. ೪ನ್ನು ೩ರಿಂದ ಭಾಗಿಸಿ, ಬಂದುದರಿಂದ ೧ನ್ನು ಕಳೆದು, ಉಳಿದುದನ್ನು ಮೂರು ಬಾರಿ ಕೂಡಿಸಿ, ಆ ಮೊತ್ತಕ್ಕೂ ೧ಕ್ಕೂ ಇರುವ ಅಂತರವನ್ನು ತೆಗೆಯಬೇಕು. ಶುದ್ಧಗಣಿತದಲ್ಲಿ ಈ ಅಂತರವು ಸೊನ್ನೆ. ಯಂತ್ರವಾದರೋ ನಾಲ್ಕು ಮೂರಾಂಶವನ್ನು ಪೂರ್ತಿಯಾಗಿ ಬರೆದಿಡಲಾರದೆ ಎಲ್ಲಿಯೋ ಕಡಿದುಹಾಕುವುದರಿಂದ, ಕಡಿದ ಗುರುತು ಕೊನೆಯಲ್ಲಿ ಹೊರಬೀಳುತ್ತದೆ. ಈಗ ಬಳಕೆಯಲ್ಲಿರುವ ೬೪ ಬಿಟ್ಟುಗಳ ಸಂಖ್ಯಾಕ್ರಮದಲ್ಲಿ ಅದು ೨ರ −೫೨ನೆಯ ಘಾತ. ಈ ವಿಧಿಯನ್ನು ಸಿ ಭಾಷೆಗೆ ತಿರುಗಿಸುವವನು ದಶಾಂಶದ ಚುಕ್ಕೆಯನ್ನು ಮರೆತು ಬರಿಯ ೪ನ್ನೂ ೩ನ್ನೂ ಬರೆದನೆಂದು ಭಾವಿಸಿದರೆ, ಭಾಗಲಬ್ಧ ೧, ಅದರಿಂದ ೧ನ್ನು ಕಳೆದರೆ ೦, ಮೂರು ಸೊನ್ನೆಗಳ ಮೊತ್ತ ೦, ಕೊನೆಯ ಅಂತರ ೧! ಯಂತ್ರವು ತನ್ನ ಲೆಕ್ಕದಲ್ಲಿ ಒಂದಕ್ಕೆ ಒಂದರಷ್ಟು ತಪ್ಪಿರಬಹುದೆಂದು ಒಪ್ಪಿಕೊಂಡಂತಾಯಿತು. ಇದನ್ನು ನಂಬಿ ನಡೆಯುವ ವಿಧಿಗಳು ಮೊದಲ ಹೆಜ್ಜೆಗೇ ಸಾಕೆಂದು ನಿಂತುಬಿಡುತ್ತವೆ. ಎಲ್ಲಿಯೂ ದೋಷದ ಸೂಚನೆ ಬರುವುದಿಲ್ಲ. ಗಣಿತವನ್ನು ಚೆನ್ನಾಗಿ ಬಲ್ಲ ಮತ್ತೊಬ್ಬ ಭಾಷಾಂತರಕಾರನು, ಈ ಅಂತರವು ಹೇಗೂ ಸೊನ್ನೆಯೆಂದು ನಿಶ್ಚಯಿಸಿ ಲೆಕ್ಕವನ್ನೇ ಸಂಕ್ಷೇಪಿಸಿದರೆ ಕೆಡುಕು ಇನ್ನೊಂದು ಬಗೆಯದು: ಉತ್ತರ ಸೊನ್ನೆಯಾದರೆ ಮತ್ತೆ ಲೆಕ್ಕಮಾಡಬೇಕೆಂದು ವಿಧಿಯಲ್ಲಿರುವುದರಿಂದ ಯಂತ್ರವು ಅಲ್ಲಿಯೇ ಸುತ್ತುತ್ತಿರಬೇಕಾಗುವುದು.

ಟಿಕ್ಯೂಎಲ್-೨ರ ಮೂರು ಪಾಠಗಳಲ್ಲಿ ಅತ್ಯಂತ ಗಮನಾರ್ಹವಾದ ಪಾಠಭೇದವು ಈ ಯಂತ್ರಸೂಕ್ಷ್ಮತೆಗೆ ಸಂಬಂಧಪಟ್ಟುದೇ. ಪಕ್ಕದ ಪಂಕ್ತಿಯ ಒಂದು ಸಂಖ್ಯೆಯನ್ನು ಯಾವಾಗ ಸೊನ್ನೆಯೆಂದು ಎಣಿಸಬಹುದು? ಆಲ್ಗಾಲ್ ಮೂಲದಲ್ಲಿ, ಮ್ಯಾಕ್‌ಎಪ್ಸ್ ಎಂಬ ಹೆಸರಿನಲ್ಲಿ ಯಂತ್ರಸೂಕ್ಷ್ಮತೆಯನ್ನು ಬಳಸುವವನೇ ಹೊರಗಿನಿಂದ ಒದಗಿಸಬೇಕು. ಅದನ್ನು ನೆರೆಯ ಸಂಖ್ಯೆಗಳ ಮೊತ್ತದಿಂದ ಗುಣಿಸಿ, ಪರೀಕ್ಷೆಗೆ ಬಂದ ಸಂಖ್ಯೆಯು ಆ ಗುಣಲಬ್ಧಕ್ಕಿಂತ ಹೆಚ್ಚಾಗಿರದಿದ್ದರೆ ಸೊನ್ನೆಯೆಂದು ಬಿಡಬೇಕು. ಪುಸ್ತಕದಲ್ಲಿ ಮುದ್ರಿತವಾಗಿ ಯಾವ ಯಂತ್ರಕ್ಕಾದರೂ ಸಲ್ಲಬೇಕಾದ ವಿಧಿಗೆ ಇದು ಉಚಿತವಾದ ಏರ್ಪಾಡು.

ಫೋರ್ಟ್ರಾನಿನ ಮೊದಲ ಭಾಷಾಂತರದಲ್ಲಿ ಹೊರಗಿನಿಂದ ಬರುತ್ತಿದ್ದ ಈ ಸಂಖ್ಯೆಯು ವಿಧಿಯ ಒಳಗೆ ಸೇರಿತು. ಹೆಸರಿನಿಂದ ಒಂದಕ್ಷರ ಉದುರಿತು. ಅಂದಿನ ಫೋರ್ಟ್ರಾನಿನಲ್ಲಿ ಹೆಸರುಗಳಿಗೆ ಆರು ಅಕ್ಷರಗಳ ಮಿತಿಯಿದ್ದುದರಿಂದ, ಇಂಗ್ಲಿಷ್ ಲಿಪಿಯಲ್ಲಿ ಏಳಕ್ಷರದ ಮ್ಯಾಕ್‌ಎಪ್ಸ್ ಎಂಬುದು ಮ್ಯಾಕೆಪ್ ಆಯಿತು. ಇದು ಬರಿಯ ವಿನೋದದ ಸಂಗತಿಯಲ್ಲ. ಫೋರ್ಟ್ರಾನಿನಲ್ಲಿ, ಬೇರೆ ರೀತಿಯಲ್ಲಿ ಘೋಷಿಸದ ಹೊರತು, ಐ ಮೊದಲುಗೊಂಡು ಎನ್ ವರೆಗಿನ ಅಕ್ಷರಗಳಿಂದ ಆರಂಭವಾಗುವ ಹೆಸರುಗಳೆಲ್ಲ ಪೂರ್ಣಾಂಕಗಳ ಹೆಸರುಗಳೆಂಬ ಪರಿಭಾಷೆಯುಂಟು. ಮ್ಯಾಕೆಪ್ ಎಂಬುದರ ಆದಿಯಲ್ಲಿ ಎಮ್ ಇರುವುದರಿಂದ ಅದನ್ನು ದಶಾಂಶಸಂಖ್ಯೆಯೆಂದು ಎಚ್ಚರಿಕೆಯಿಂದ ಘೋಷಿಸಲಾಗಿದೆ. ಘೋಷಣೆಯನ್ನು ಬಿಟ್ಟಿದ್ದರೆ ಅತ್ಯಲ್ಪವಾದ ಆ ದಶಾಂಶವು ಪೂರ್ಣಾಂಕದ ಪಾತ್ರೆಯಲ್ಲಿ ಬಿದ್ದು ಸೊನ್ನೆಯಾಗುತ್ತಿತ್ತು. ಐಬಿಎಂ ೩೬೦ ಯಂತ್ರದ ದೀರ್ಘಸಂಖ್ಯೆಗಳಿಗೆ ಈ ಸೂಕ್ಷ್ಮತೆಯು ೧೬ರ −೧೩ನೆಯ ಘಾತವೆಂದು ಅಲ್ಲಿಯೇ ಟಿಪ್ಪಣಿಯಿದೆ. ಆ ಯಂತ್ರವು ಹದಿನಾರರ ಮಾನದಲ್ಲಿ ಎಣಿಸುತ್ತಿದ್ದುದೇ ಇದಕ್ಕೆ ಕಾರಣ. ಬೇರೆ ಯಂತ್ರಕ್ಕೆ ಒಯ್ಯುವಾಗ ಸಂಖ್ಯೆಯನ್ನು ಬದಲಾಯಿಸಬೇಕಾಗಿತ್ತು. ಮರೆತವರ ಪಾಡೇನೆಂಬುದನ್ನು ಊಹಿಸಬಹುದು.

೧೯೮೩ರ ಪರಿಷ್ಕೃತ ಪಾಠದಲ್ಲಿ ಮ್ಯಾಕೆಪ್ ಮಾಯವಾಗಿದೆ. ಅದರ ಸ್ಥಾನದಲ್ಲಿ ಒಂದು ಜಾಣ್ಮೆಯ ಪರೀಕ್ಷೆಯನ್ನು ಕಾಣುತ್ತೇವೆ: ನೆರೆಯ ದೊಡ್ಡ ಮೊತ್ತಕ್ಕೆ ಈ ಚಿಕ್ಕ ಸಂಖ್ಯೆಯನ್ನು ಕೂಡಿಸಿ, ಮೊತ್ತವು ಬದಲಾಗದೆ ಮೊದಲಿನಂತೆಯೇ ಉಳಿದರೆ ಚಿಕ್ಕದನ್ನು ಸೊನ್ನೆಯೆಂದು ತಿಳಿಯತಕ್ಕದ್ದು. ಯಾವ ಯಂತ್ರದಲ್ಲಾದರೂ ಆಯಾ ಯಂತ್ರದ ಸೂಕ್ಷ್ಮತೆಯು ತಾನಾಗಿಯೇ ಪರೀಕ್ಷೆಯೊಳಕ್ಕೆ ಬರುವುದರಿಂದ, ಪಾಠವನ್ನು ಊರೂರಿಗೆ ತಿದ್ದುವ ತೊಂದರೆ ತಪ್ಪಿತು. ಆದರೆ ಇಂತಹ ವಾಕ್ಯವೇ ಮುಂದಿನ ಭಾಷಾಂತರಕಾರನಿಗೆ ಬಲೆ. ಒಂದು ರಾಶಿಗೆ ಮತ್ತೊಂದನ್ನು ಕೂಡಿಸಿದರೂ ಅದು ಬದಲಾಗದಿದ್ದರೆ ಎರಡನೆಯದು ಸೊನ್ನೆಯೇ ಸರಿ ಎಂಬುದು ಶಾಲೆಯ ಬೀಜಗಣಿತ. ಆ ನಿಯಮದಿಂದ ವಾಕ್ಯವನ್ನು ಸರಳಗೊಳಿಸಿದರೆ ಪರೀಕ್ಷೆಯ ಪ್ರಾಣವೇ ಹೋಯಿತು. ೧೯೮೦ರ ಇಂಟೆಲ್ ೮೦೮೭ ಮೊದಲಾದ ಗಣಕಾಂಗಗಳು ನಡುವಣ ಲೆಕ್ಕವನ್ನು ೮೦ ಬಿಟ್ಟುಗಳಲ್ಲಿ ಇಟ್ಟುಕೊಳ್ಳುತ್ತಿದ್ದುದರಿಂದ, ಮೊತ್ತವನ್ನು ಸ್ಮೃತಿಗೆ ಬರೆಯದೆ ಅಲ್ಲಿಯೇ ಹೋಲಿಸಿದಾಗ ಪರೀಕ್ಷೆಯು ಬೇಕಾದುದಕ್ಕಿಂತ ಕಠಿನವಾಗುತ್ತಿತ್ತು. ಹೀಗೆ ಒಂದಕ್ಷರವೂ ವ್ಯತ್ಯಾಸವಿಲ್ಲದ ಪಾಠವು, ಓದುವ ಯಂತ್ರದ ಭೇದದಿಂದಲೇ ಬೇರೆ ಅರ್ಥವನ್ನು ಕೊಟ್ಟಂತಾಯಿತು.

ಜಾವಾ ಪಾಠವು ಮರಳಿ ಆಲ್ಗಾಲ್ ಮೂಲದ ಮಾರ್ಗವನ್ನು ಹಿಡಿದಿದೆ: ಗುಣಿಸು, ಹೋಲಿಸು. ಸೂಕ್ಷ್ಮತೆಯನ್ನು ೨ರ −೫೨ನೆಯ ಘಾತವೆಂದು ನೇರವಾಗಿ ಬರೆದಿದೆ. ಜಾವಾ ಭಾಷೆಯಲ್ಲಿ ಸಂಖ್ಯೆಗಳ ಸ್ವರೂಪವು ೧೯೮೫ರ ಐಇಇಇ ೭೫೪ ಎಂಬ ನಿಯಮಾವಳಿಯಿಂದ ಗೊತ್ತುಮಾಡಲ್ಪಟ್ಟಿರುವುದರಿಂದ ಹಾಗೆ ಬರೆಯುವುದು ಯುಕ್ತವೇ ಆಗಿದೆ. ೧೬ರ −೧೩ನೆಯ ಘಾತವೂ ೨ರ −೫೨ನೆಯ ಘಾತವೂ ಒಂದೇ ಸಂಖ್ಯೆಯೆಂಬುದನ್ನು ಲೆಕ್ಕಮಾಡಿ ನೋಡಿದವರಿಗೆ ಸ್ವಲ್ಪ ಆಶ್ಚರ್ಯವಾಗಬಹುದು. ಬೇರೆ ಬೇರೆ ಕಾರಣಗಳಿಂದ ಹೊರಟ ಎರಡು ಪಾಠಗಳು ಒಂದೇ ಕಡೆಗೆ ಬಂದು ಸೇರಿವೆ. ಗ್ರಂಥಪಾಠಗಳಲ್ಲಿ ಇಂತಹ ಹೊಂದಿಕೆಯನ್ನು ಕಂಡು ಒಂದು ಮತ್ತೊಂದರ ಪ್ರತಿಯೆಂದು ಅವಸರದಿಂದ ನಿಶ್ಚಯಿಸುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ವೈಫಲ್ಯವನ್ನು ಹೇಳುವ ಬಗೆಯಲ್ಲಿಯೂ ಮೂರು ಪಾಠಗಳು ಮೂರು ತೆರ. ಒಂದು ಐಗನ್ ಮೌಲ್ಯಕ್ಕಾಗಿ ಮೂವತ್ತು ಸುತ್ತುಗಳಾದರೂ ಪಕ್ಕದ ಸಂಖ್ಯೆಯು ಅಳಿಯದಿದ್ದರೆ ಪ್ರಯತ್ನವನ್ನು ಬಿಡಬೇಕೆಂಬುದು ಮೂಲದ ಸಂಕಲ್ಪ. ಆಗ ಆಲ್ಗಾಲ್ ವಿಧಿಯು, ಬಳಸುವವನು ಮೊದಲೇ ಕೊಟ್ಟಿದ್ದ ಒಂದು ಗುರುತಿನ ಸ್ಥಳಕ್ಕೆ ನೇರವಾಗಿ ಹಾರುತ್ತದೆ. ಫೋರ್ಟ್ರಾನಿನಲ್ಲಿ ಇದಕ್ಕೆ ಬದಲಾಗಿ ಐಇಆರ್‌ಆರ್ ಎಂಬ ಪೂರ್ಣಾಂಕವೊಂದನ್ನು ಹಿಂದಿರುಗಿಸುವರು. ಅದು ಸೊನ್ನೆಯಾಗಿದ್ದರೆ ಕ್ಷೇಮ, ಇಲ್ಲದಿದ್ದರೆ ಎಷ್ಟನೆಯ ಮೌಲ್ಯದಲ್ಲಿ ಕೆಲಸ ನಿಂತಿತೆಂಬುದರ ಸೂಚನೆ. ಬಳಸುವವನು ಅದನ್ನು ನೋಡದೆ ಮುಂದೆ ಹೋಗುವುದು ಸಾಧ್ಯವಾಯಿತೆಂಬುದೇ ಇಲ್ಲಿಯ ನಷ್ಟ. ಜಾವಾ ಪಾಠದಲ್ಲಿ ಮಿತಿಯೇ ಇಲ್ಲ. ಸುತ್ತುಗಳನ್ನು ಎಣಿಸುವ ಸಂಖ್ಯೆಯು ಹೆಚ್ಚುತ್ತಲೇ ಹೋಗುತ್ತದೆ. ಬೇಕಿದ್ದರೆ ಇಲ್ಲಿ ಪರೀಕ್ಷಿಸಬಹುದೆಂಬ ಒಂದು ಟಿಪ್ಪಣಿಯನ್ನು ಪಕ್ಕದಲ್ಲಿ ಬರೆದಿದೆ. ಮೂಲದಲ್ಲಿ ಶಾಸನವಾಗಿದ್ದುದು ಮೂರನೆಯ ತಲೆಮಾರಿನಲ್ಲಿ ವ್ಯಾಖ್ಯಾನವಾಗಿ ಉಳಿಯಿತು. ಸಾಧಾರಣವಾದ ಮಾತೃಕೆಗಳಿಗೆ ಕೆಲವೇ ಸುತ್ತುಗಳು ಸಾಕಾಗುವುದರಿಂದ ಈ ಲೋಪವು ಎದ್ದು ಕಾಣುವುದಿಲ್ಲ. ಆದರೂ ಮೂಲಕರ್ತೃಗಳು ಬುದ್ಧಿಪೂರ್ವಕವಾಗಿ ಇಟ್ಟ ಕಾವಲನ್ನು ತೆಗೆದುದು ಸಮರ್ಥನೀಯವೆಂದು ತೋರುವುದಿಲ್ಲ.

ಎಣಿಕೆಯನ್ನು ಒಂದರಿಂದ ಆರಂಭಿಸಬೇಕೆ, ಸೊನ್ನೆಯಿಂದಲೇ ಎಂಬ ವಿಷಯವಾಗಿ ಹೇಳತಕ್ಕದ್ದು ಹೆಚ್ಚಿಲ್ಲ. ಫೋರ್ಟ್ರಾನಿನ ಪಂಕ್ತಿಗಳು ವಾಡಿಕೆಯಾಗಿ ೧ರಿಂದಲೂ ಸಿ, ಜಾವಾ, ಪೈಥಾನ್‌ಗಳವು ೦ಯಿಂದಲೂ ಮೊದಲಾಗುತ್ತವೆ. ಸಂಖ್ಯಾಗಣಿತದ ಒಂದು ಪ್ರಸಿದ್ಧ ಪಾಠಪುಸ್ತಕವು ೧೯೮೮ರಲ್ಲಿ ಸಿ ಭಾಷೆಗೆ ಬಂದಾಗ ಅದರ ಕರ್ತೃಗಳು ಹಳೆಯ ಎಣಿಕೆಯನ್ನೇ ಉಳಿಸಿಕೊಳ್ಳುವುದಕ್ಕಾಗಿ ಪಂಕ್ತಿಯ ಆದಿಯನ್ನು ಒಂದು ಸ್ಥಾನ ಹಿಂದಕ್ಕೆ ಸರಿಸಿ ಬರೆದರು. ಸಿ ಭಾಷೆಯ ಲಕ್ಷಣಕ್ಕೆ ಇದು ಸಮ್ಮತವಲ್ಲ. ಬೆಲ್ ಪ್ರಯೋಗಶಾಲೆಯಲ್ಲಿ ೧೯೯೦ರ ಹೊತ್ತಿಗೆ ಸಿದ್ಧವಾದ ಎಫ್-೨-ಸಿ ಎಂಬ ಭಾಷಾಂತರಯಂತ್ರವೂ ಇದೇ ಉಪಾಯವನ್ನು ಮಾಡುವುದು. ಅದು ಹೊರತರುವ ಸಿ ಬರಹವು ಮಕ್ಕಿಕಾಮಕ್ಕಿಯಾದರೂ ನಂಬತಕ್ಕದ್ದು. ಓದಿ ತಿದ್ದಬೇಕೆನ್ನುವವರಿಗೆ ಮಾತ್ರ ಅದು ಕಬ್ಬಿಣದ ಕಡಲೆ.

ಆ ಯಂತ್ರದ ಒಂದು ಜಾಗರೂಕತೆಯನ್ನು ಹೇಳದೆ ಬಿಡಬಾರದು. ಹಳೆಯ ಫೋರ್ಟ್ರಾನ್ ಕಂಪೈಲರುಗಳಲ್ಲಿ ಅನೇಕವು, ವಿಧಿಯೊಂದು ಮುಗಿದು ಮತ್ತೆ ಕರೆಯಲ್ಪಟ್ಟಾಗ ಅದರ ಒಳಗಿನ ಚರರಾಶಿಗಳು ಹಿಂದಿನ ಬೆಲೆಗಳನ್ನೇ ಹೊತ್ತಿರುವಂತೆ ನಡೆದುಕೊಳ್ಳುತ್ತಿದ್ದುವು. ಭಾಷೆಯ ಲಕ್ಷಣವು ಇದಕ್ಕೆ ಹೊಣೆಯಾಗಿರಲಿಲ್ಲ. ಆದರೂ ಎಷ್ಟೋ ವಿಜ್ಞಾನಿಗಳು ತಿಳಿದೋ ತಿಳಿಯದೆಯೋ ಈ ನಡವಳಿಕೆಯನ್ನು ನಂಬಿ ಬರೆದರು. ಹೊಸ ಭಾಷೆಯಲ್ಲಿ ಒಳಗಿನ ಚರರಾಶಿಗಳು ಪ್ರತಿಸಲವೂ ಹೊಸದಾಗಿ ಹುಟ್ಟುವುದರಿಂದ, ನಿಷ್ಠೆಯಿಂದ ತಿರುಗಿಸಿದ ವಿಧಿಯೂ ಕೆಡುತ್ತದೆ. ಆದುದರಿಂದಲೇ ಎಫ್-೨-ಸಿ, ಬೇಡವೆಂದು ಹೇಳದ ಹೊರತು, ಇಂತಹ ಚರರಾಶಿಗಳಿಗೆಲ್ಲ ಸ್ಥಿರವಾದ ಸ್ಥಾನವನ್ನು ಕೊಡುತ್ತದೆ. ವ್ಯಾಕರಣದಲ್ಲಿಲ್ಲದ ರೂಢಿಯನ್ನೂ ಭಾಷಾಂತರಕಾರನು ಬಲ್ಲವನಾಗಿರಬೇಕೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಅರ್ಥವು ಕೆಡದೆ ನಡಿಗೆ ಮಾತ್ರ ಕೆಡುವುದೂ ಉಂಟು. ಫೋರ್ಟ್ರಾನ್ ಭಾಷೆಯು ಮಾತೃಕೆಯನ್ನು ಸ್ಮೃತಿಯಲ್ಲಿ ಕಂಬಸಾಲುಗಳ ಕ್ರಮದಲ್ಲಿ ಇಡುತ್ತದೆ, ಸಿ ಭಾಷೆಯು ಅಡ್ಡಸಾಲುಗಳ ಕ್ರಮದಲ್ಲಿ. ಆಲ್ಗಾಲ್ ಲಕ್ಷಣಗ್ರಂಥವು ಈ ವಿಷಯದಲ್ಲಿ ಮೌನವಾಗಿದೆ. ಅಡ್ಡಸಾಲಿನ ಉದ್ದಕ್ಕೂ ನಡೆಯುವಂತೆ ಬರೆದ ವಿಧಿಯನ್ನು ಹಾಗೆಯೇ ಫೋರ್ಟ್ರಾನಿಗೆ ತಂದರೆ, ಯಂತ್ರವು ಪ್ರತಿಯೊಂದು ಸಂಖ್ಯೆಗಾಗಿಯೂ ದೂರ ದೂರ ಜಿಗಿಯಬೇಕಾಗುವುದು. ಪುಸ್ತಕದ ಪ್ರತಿಯೊಂದು ಪುಟದಿಂದ ಒಂದೊಂದೇ ಅಕ್ಷರವನ್ನು ಓದುತ್ತ ಹೋದಂತೆ. ಕ್ಲೀವ್ ಮೋಲರನು ೧೯೭೨ರಲ್ಲಿಯೇ ಒಂದು ಚಿಕ್ಕ ಲೇಖನದಲ್ಲಿ ಇದನ್ನು ಎತ್ತಿ ತೋರಿಸಿದನು. ಆದರೆ ವೇಗಕ್ಕಾಗಿ ನಡೆಯ ಕ್ರಮವನ್ನು ಬದಲಾಯಿಸಿದರೆ ಕೂಡುವ ಕ್ರಮವೂ ಬದಲಾಗುವುದುಂಟು, ಕೂಡುವ ಕ್ರಮವು ಬದಲಾದರೆ ಉತ್ತರವೂ ಬದಲಾಗಬಹುದು. ೧೦ರ ೧೬ನೆಯ ಘಾತಕ್ಕೆ ೧ನ್ನು ಕೂಡಿಸಿ ಅದೇ ಘಾತವನ್ನು ಕಳೆದರೆ ಯಂತ್ರದ ಉತ್ತರ ೦; ಮೊದಲು ಕಳೆದು ಆಮೇಲೆ ೧ನ್ನು ಕೂಡಿಸಿದರೆ ೧.

ಹೀಗಿರುವುದರಿಂದ, ಮೂಲವೂ ಭಾಷಾಂತರವೂ ಕೊನೆಯ ಅಂಕದವರೆಗೆ ಒಂದೇ ಉತ್ತರವನ್ನು ಕೊಡಬೇಕೆಂದು ಕೇಳುವುದು ನ್ಯಾಯವಲ್ಲ. ಹತ್ತಿರವಾಗಿದ್ದರೆ ಸಾಕೆನ್ನುವುದು ಪರೀಕ್ಷೆಯೇ ಅಲ್ಲ. ಇವೆರಡರ ನಡುವೆ ಒಂದು ಮಾರ್ಗವುಂಟು. ದೊರೆತ ಐಗನ್ ಮೌಲ್ಯವನ್ನೂ ಅದರ ದಿಶಾಪಂಕ್ತಿಯನ್ನೂ ಮೊದಲಿನ ಮಾತೃಕೆಗೆ ಮರಳಿ ಹಚ್ಚಿ, ಮಾತೃಕೆಯನ್ನು ಪಂಕ್ತಿಯಿಂದ ಗುಣಿಸಿದುದಕ್ಕೂ ಮೌಲ್ಯವನ್ನು ಪಂಕ್ತಿಯಿಂದ ಗುಣಿಸಿದುದಕ್ಕೂ ಇರುವ ಅಂತರವನ್ನು ಅಳೆಯಬೇಕು. ಮಾತೃಕೆಯ ಗಾತ್ರವನ್ನು ಯಂತ್ರಸೂಕ್ಷ್ಮತೆಯಿಂದ ಗುಣಿಸಿದರೆ ಬರುವ ಸಂಖ್ಯೆಯ ಕೆಲವು ಮಡಿಗಳೊಳಗೆ ಈ ಅಂತರವು ನಿಂತಿದ್ದರೆ ವಿಧಿಯು ತನ್ನ ಕೆಲಸವನ್ನು ಮಾಡಿದೆಯೆಂದು ಒಪ್ಪತಕ್ಕದ್ದು. ಲೆಕ್ಕದ ದೋಷವನ್ನು ಹೀಗೆ ಮೂಲಪ್ರಶ್ನೆಯ ಮೇಲೆ ಹಾಕಿ ಅಳೆಯುವ ದೃಷ್ಟಿಯನ್ನು ಬೆಳಸಿದವರಲ್ಲಿ ವಿಲ್ಕಿನ್ಸನ್ನನೇ ಅಗ್ರಗಣ್ಯನು. ಕೈಪಿಡಿಯ ವಿಧಿಗಳ ಜೊತೆಯಲ್ಲಿ, ಕೆಡಿಎಫ್-೯ ಯಂತ್ರದಲ್ಲಿ ಅವು ಕೊಟ್ಟ ಉತ್ತರಗಳೂ ಮುದ್ರಿತವಾಗಿವೆ; ಆ ಯಂತ್ರದ ಸಂಖ್ಯೆಗಳಲ್ಲಿ ೩೯ ದ್ವಿಮಾನ ಅಂಕಗಳಿದ್ದುವು. ಭಾಷಾಂತರಕಾರನ ಕೈಗೆ ಮೂಲದ ಜೊತೆಗೆ ಅದರ ಪ್ರಮಾಣವೂ ಸಿಕ್ಕಿತೆನ್ನಬೇಕು.

ಮೂಲದಲ್ಲಿಯೇ ದೋಷವಿದ್ದರೆ ಭಾಷಾಂತರದಲ್ಲಿ ತಿದ್ದಬಹುದೆ ಎಂಬುದು ಇಲ್ಲಿಯೂ ಏಳುವ ಪ್ರಶ್ನೆ. ಗ್ರಂಥಸಂಪಾದಕರ ಪದ್ಧತಿಯೇ ಇದಕ್ಕೂ ಉಚಿತವಾದುದು. ಮೊದಲು ದೋಷಸಹಿತವಾಗಿ ತಿರುಗಿಸಿ ಎರಡರ ಉತ್ತರಗಳನ್ನು ಹೋಲಿಸಿ, ಹೊಂದಿಕೆಯಾದ ಮೇಲೆ ತಿದ್ದುಪಡಿಯನ್ನು ಪ್ರತ್ಯೇಕವಾಗಿ ಗುರುತಿಸಿ ಸೇರಿಸಬೇಕು. ಎರಡನ್ನೂ ಒಮ್ಮೆಗೇ ಮಾಡಿದರೆ, ಮುಂದೆ ವ್ಯತ್ಯಾಸ ಕಂಡಾಗ ಅದು ತಿದ್ದುಪಡಿಯಿಂದ ಬಂದುದೋ ಕೈತಪ್ಪಿನಿಂದ ಬಂದುದೋ ಹೇಳಲಾಗದು.

ಕೆಲವು ವರ್ಷಗಳಿಂದ ಸೈಪೈ ಎಂಬ ಪೈಥಾನ್ ಸಂಗ್ರಹದ ಪೋಷಕರು ತಮ್ಮಲ್ಲಿರುವ ಹಳೆಯ ಫೋರ್ಟ್ರಾನ್ ವಿಧಿಗಳನ್ನು ಒಂದೊಂದಾಗಿ ಸಿ ಮತ್ತು ಪೈಥಾನ್ ಭಾಷೆಗಳಿಗೆ ತಿರುಗಿಸುತ್ತಿದ್ದಾರೆ. ಹಳೆಯ ಭಾಷೆಯನ್ನು ಓದಬಲ್ಲವರು ವಿರಳವಾಗಿರುವುದು ಇದಕ್ಕೆ ಒಂದು ಕಾರಣ. ಐಸ್‌ಪ್ಯಾಕಿನ ಉತ್ತರಾಧಿಕಾರಿಯಾಗಿ ೧೯೯೨ರಲ್ಲಿ ಬಂದ ಲ್ಯಾಪ್ಯಾಕ್ ಮಾತ್ರ ಇಂದಿಗೂ ಫೋರ್ಟ್ರಾನಿನಲ್ಲಿಯೇ ಇದೆ. ಟಿಕ್ಯೂಎಲ್-೨ ಮಾಡುತ್ತಿದ್ದ ಕೆಲಸವನ್ನು ಅದರಲ್ಲಿ ಡಿಎಸ್‌ಟಿಇಕ್ಯೂಆರ್ ಎಂಬ ವಿಧಿಯು ವಹಿಸಿಕೊಂಡಿದೆ. ಪಾಠವು ಬಹಳವಾಗಿ ಬದಲಾಗಿದೆ, ಹೆಸರೂ ಉಳಿದಿಲ್ಲ. ಜಾವಾ ಪಾಠದಲ್ಲಿ ಬಿಟ್ಟುಹೋಗಿದ್ದ ಮೂವತ್ತು ಎಂಬ ಆ ಮಿತಿಯು, ಒಂದೊಂದು ಮೌಲ್ಯಕ್ಕೆ ಎಂಬುದರ ಬದಲಾಗಿ ಎಲ್ಲ ಮೌಲ್ಯಗಳಿಗೂ ಒಟ್ಟಾಗಿ ಲೆಕ್ಕಹಾಕಲ್ಪಟ್ಟು, ಅಲ್ಲಿ ಇನ್ನೂ ಇದೆ.